ಟ್ರೈಗನ್: ಹಳೇದು ಮೊದಲಾ, ಹೊಸದು ಮೊದಲಾ? (ಮತ್ತೆ ಆ 24ನೇ ಕಂತು)

ಕೆಂಪುಕೋಟು:
ಮನೆಯಲ್ಲಿ ಶುರುವಾದ ಜಗಳ ಇದು. ಇಲ್ಲಾದ್ರೂ ತೀರ್ಮಾನ ಆಗುತ್ತಾ ನೋಡೋಣ.

ಅಕ್ಕನ ಮಗಳು ಪಿಯುಸಿ ಪರೀಕ್ಷೆ ಮುಗಿಸಿ ಹಾಸನದಿಂದ ಒಂದು ವಾರ ನಮ್ಮನೆಗೆ ಬಂದಿದ್ಲು. ಟ್ರೈಗನ್ ಸ್ಟಾಂಪೀಡ್ (ಟ್ರೈಗನ್ ಅನ್ನೋ ಜಪಾನಿ ಆನಿಮೆ, ಅಂದ್ರೆ ಕಾರ್ಟೂನ್ ಸರಣಿಯ 2023ರ ಹೊಸ ರೂಪ, ನಾಯಕ ವ್ಯಾಶ್) ಎರಡೇ ದಿನದಲ್ಲಿ ಮುಗಿಸಿ, "ಮಾವ, ವ್ಯಾಶ್ ಎಷ್ಟು ಪಾಪ ಅಲ್ವಾ" ಅಂತ ಕಣ್ಣು ಕೆಂಪಗೆ ಮಾಡ್ಕೊಂಡು ಬಂದ್ಲು. ನಂಗೆ ಖುಷಿಯೋ ಖುಷಿ. ನಾನು 2005ರಲ್ಲಿ ಹಾಸ್ಟೆಲ್ ರೂಮಲ್ಲಿ, ಒಂದೇ ಕಂಪ್ಯೂಟರ್ ಮುಂದೆ ಒಂಬತ್ತು ಜನ ಕೂತು 1998ರ ಟ್ರೈಗನ್ ನೋಡಿದವನು. "ಅಸಲಿದು ತೋರಿಸ್ತೀನಿ ಬಾ" ಅಂತ ಕೂರಿಸಿದೆ. ಐದನೇ ಕಂತಿಗೆ ಎದ್ದು ಹೋದ್ಲು. ಕಾರಣ ಕೇಳಿದ್ರೆ, "ಇವನು ಡೋನಟ್ ತಿಂತಾನೆ, ಹುಡುಗಿಯರ ಹಿಂದೆ ಹೋಗಿ ಒದೆ ತಿಂತಾನೆ, ಕಿರುಚ್ತಾನೆ. ಕಥೆ ಎಲ್ಲಿ ಮಾವ?"

ಊರಿಗೆ ಹೊರಡುವಾಗ ನನ್ನ ಲಾಗಿನ್ ಕೊಟ್ಟು ಕಳಿಸಿದೀನಿ. 12ನೇ ಕಂತಿನವರೆಗೆ ಹೇಗಾದ್ರೂ ತಳ್ಳು, ಆಮೇಲೆ ಫೋನ್ ಮಾಡು ಅಂದಿದೀನಿ. ಎಲ್ಲಿವರೆಗೆ ನೋಡಿದಾಳೆ ಅಂತ ನನ್ನ ಮೊಬೈಲಲ್ಲೂ ಕಾಣುತ್ತೆ, ಅದು ಅವಳಿಗೆ ಗೊತ್ತಿಲ್ಲ.

ಪ್ರಶ್ನೆ ಎರಡು. ಹೊಸಬರಿಗೆ ಯಾವುದನ್ನ ಮೊದಲು ತೋರಿಸ್ಬೇಕು? ಇನ್ನೊಂದು, 24ನೇ ಕಂತಲ್ಲಿ ವ್ಯಾಶ್ ಮಾಡಿದ್ದು ಸರಿನಾ? ನಮ್ಮ ಹಾಸ್ಟೆಲ್‌ನಲ್ಲಿ ಇದೇ ವಿಷಯಕ್ಕೆ ಇಬ್ಬರು ಮೂರು ವಾರ ಮಾತು ಬಿಟ್ಟಿದ್ರು. ನೋಡದೇ ಇರೋರು ಈಗಲೇ ಜಾಗ ಖಾಲಿ ಮಾಡಿ, ಇಲ್ಲಿ ಗುಟ್ಟೆಲ್ಲ ರಟ್ಟಾಗುತ್ತೆ.

ನಿದ್ದೆಗೇಡಿ:
ಹಳೇದು. ಚರ್ಚೆ ಮುಗೀತು. ಬಾಗಿಲು ಹಾಕಿ.

ಅರ್ಧ_ಡೋನಟ್:
ಎಲ್ಲಿ ಮುಗೀತು? ನಾನು ಹೊಸದೇ ಮೊದಲು ನೋಡಿದ್ದು, ಹೊಸದೇ ಚೆನ್ನಾಗಿದೆ. 98ರದ್ದರಲ್ಲಿ ಮೊದಲ ಎಂಟು ಕಂತು ಬೇಕಾದ್ರೆ ಒಂದೇ ಕಂತಲ್ಲಿ ಹೇಳಬಹುದಿತ್ತು. ನಿಮ್ಮೆಲ್ಲರಿಗೂ ಹಾಸ್ಟೆಲ್ ನೆನಪು, ಅದಕ್ಕೆ ಆ ಬಣ್ಣ.

ಕುಡ್ಲದ_ಕುವರ:
ನಾನು ಎಂತದೂ ನೋಡ್ಲಿಲ್ಲ ಮಾರಾಯ್ರೆ, ಆದ್ರೂ ಓಡುವುದಿಲ್ಲ. ಯಾರಾದ್ರೂ ಎರಡು ಸಾಲಲ್ಲಿ ಕಥೆ ಹೇಳಿ. ಕೌಬಾಯ್‌ದಾ, ರಾಕೆಟ್‌ದಾ?

ಮಂಗಾ_ಮಂಜ:
ಎರಡೂ. ಭೂಮಿ ಹಾಳಾಗಿ, ಮನುಷ್ಯರು ಹಡಗುಗಳಲ್ಲಿ ಮಲಗಿಕೊಂಡೇ ಬೇರೆ ಗ್ರಹ ಹುಡುಕಿಕೊಂಡು ಹೊರಟಿರ್ತಾರೆ. ಹಡಗುಗಳು ಒಂದು ಮರಳುಗಾಡು ಗ್ರಹದ ಮೇಲೆ ಬಿದ್ದು ಒಡೆದು ಹೋಗ್ತವೆ. ಬದುಕಿ ಉಳಿದವರು ಅದೇ ಅವಶೇಷದ ಸುತ್ತ ಊರು ಕಟ್ಕೋತಾರೆ. ಎರಡು ಸೂರ್ಯ, ಐದು ಚಂದ್ರ, ನೀರಿಲ್ಲ. ನೀರು, ಕರೆಂಟು, ಬೆಳೆ ಎಲ್ಲಕ್ಕೂ 'ಪ್ಲಾಂಟ್' ಅನ್ನೋ ಬಲ್ಬಿನಾಕಾರದ ದೊಡ್ಡ ಯಂತ್ರಗಳೇ ಗತಿ, ಮತ್ತು ಆ ಬಲ್ಬಿನೊಳಗೆ ಇರೋದು ಯಂತ್ರ ಅಲ್ಲ, ಜೀವ. ಕುದುರೆ ಬದಲು ತೋಮಾ ಅಂತ ಆಸ್ಟ್ರಿಚ್ ತರದ ಪ್ರಾಣಿ. ರೂಪಾಯಿ ಬದಲು ಡಬಲ್ ಡಾಲರ್.

ಇಂಥ ಕಡೆ ಒಬ್ಬ ಕೆಂಪು ಕೋಟಿನವನ ತಲೆ ಮೇಲೆ 6,000 ಕೋಟಿ ಡಬಲ್ ಡಾಲರ್ ಬಹುಮಾನ. ಹೆಸರು ವ್ಯಾಶ್ ದ ಸ್ಟಾಂಪೀಡ್. ಹೋದ ಊರೆಲ್ಲ ಪುಡಿಪುಡಿ. ಆದ್ರೆ ಅವನು ಯಾರನ್ನೂ ಕೊಲ್ಲಲ್ಲ, ಕೊಲ್ಲೋದಿಲ್ಲ ಅಂತ ಹಠ. ಅವನ ಅವಳಿ ಅಣ್ಣತಮ್ಮ ನೈವ್ಸ್‌ಗೆ ಮನುಷ್ಯಕುಲವನ್ನೇ ಅಳಿಸೋ ಹಠ. ಇಷ್ಟೇ.

ಕುಡ್ಲದ_ಕುವರ:
ಎರಡು ಸಾಲು ಕೇಳಿದ್ದು, ಇದು ಎರಡು ಪ್ಯಾರಾ ಆಯ್ತು. ಆದ್ರೂ ಉಪಕಾರ. ನೀರಿಲ್ಲದ ಊರಲ್ಲಿ ಇನ್ನೊಬ್ಬರ ಜೀವ ಹಿಂಡಿ ನೀರು ತೆಗೆಯುವುದು ಅಂದ್ರೆ ಸ್ವಲ್ಪ ಮೈ ಜುಂ ಅಂತದೆ.

ಕಪ್ಪುಬೆಕ್ಕು:
ಬೆಕ್ಕನ್ನ ಮರೆತ್ರಿ. ಹಳೇ ಸರಣಿಯ ಪ್ರತಿ ಕಂತಲ್ಲೂ ಎಲ್ಲೋ ಒಂದು ಕಡೆ ಕಪ್ಪು ಬೆಕ್ಕು ಕಾಣಿಸಿಕೊಳ್ಳುತ್ತೆ, ಕಥೆಗೂ ಅದಕ್ಕೂ ಸಂಬಂಧ ಇಲ್ಲ. ಅಕ್ಕನ ಮಗಳಿಗೆ "ಕಂತಿಗೊಂದು ಬೆಕ್ಕು ಹುಡುಕು, ಬೆಕ್ಕಿಗೆ ಹತ್ತು ರೂಪಾಯಿ" ಅಂತ ಪಂದ್ಯ ಕಟ್ಟಿ. ನನ್ನ ತಮ್ಮನಿಗೆ ಹಾಗೇ ತೋರಿಸಿದ್ದು. 260 ರೂಪಾಯಿ ಹೋಯ್ತು.

ವ್ಯಾಕರಣ_ಮೇಷ್ಟ್ರು:
ಮಂಜ ಅವರೇ, ಒಂದು ತಿದ್ದುಪಡಿ. 'ಅವಳಿ ಅಣ್ಣತಮ್ಮ' ಅಂತ ಇಲ್ಲ. ಅವಳಿ ಸಹೋದರ ಅನ್ನಿ. ಹಾಗೆಯೇ ಮೂಲ ಮಂಗಾ (ಜಪಾನಿ ಕಾಮಿಕ್ಸ್) ಲೇಖಕರ ಹೆಸರು ಇಂಗ್ಲಿಷ್ ಕಾಗುಣಿತ ನೋಡಿ ಎಲ್ಲರೂ 'ನೈಟೌ' ಅಂತಾರೆ. ಜಪಾನಿಯಲ್ಲಿ ಅದು ನೈತೋ. ಯಾಸುಹಿರೊ ನೈತೋ.

ಮಂಗಾ_ಮಂಜ:
ಸರಿ ಮೇಷ್ಟ್ರೇ. ಕಿವಿ ಬಿಡಿ.

ತೋಮಾ_ಸವಾರ:
ಮೂಲ ಪ್ರಶ್ನೆಗೆ ಬರೋಣ. ನನ್ನ ಪ್ರಕಾರ ಹಳೇದರ ಮೊದಲರ್ಧದ ತಮಾಷೆಯನ್ನ 'ತಳ್ಳು' ಅಂತ ಹೇಳಿದ್ದೇ ತಪ್ಪು. ಆ ತಮಾಷೆ ಒಂದು ಬಲೆ. ಮೊದಲನೇ ಕಂತಲ್ಲಿ ಇವನೇ ವ್ಯಾಶ್ ಅಂತ ಅವನನ್ನ ಹುಡುಕಿಕೊಂಡು ಬಂದ ವಿಮಾ ಕಂಪನಿಯ ಮೆರಿಲ್‌ಗೂ ನಂಬಿಕೆ ಬರಲ್ಲ, ನಮಗೂ ಪೂರ್ತಿ ಬರಲ್ಲ. ಐದನೇ ಕಂತಲ್ಲಿ ಏನಾಗುತ್ತೆ? ಊರಿನ ಪ್ಲಾಂಟ್ ಕೆಟ್ಟಿದೆ, ರಿಪೇರಿಗೆ ದುಡ್ಡಿಲ್ಲ, ಇಡೀ ಊರೇ ಬಂದೂಕು ಹಿಡ್ಕೊಂಡು ಬಹುಮಾನಕ್ಕಾಗಿ ಇವನ ಬೆನ್ನು ಬೀಳುತ್ತೆ. ಅಜ್ಜ ಅಜ್ಜಿ ಸಮೇತ. ನಾವು ನಗ್ತಾ ನೋಡ್ತೀವಿ. ಮುಂದೆ ಒಂದು ದಿನ ಅವನ ಮೈಮೇಲಿನ ಗಾಯಗಳು ಕಾಣ್ತವೆ. ಹೊಲಿಗೆ, ತಂತಿ ಜಾಲರಿ, ಕೃತಕ ಎಡಗೈ. ಅದು ಇಷ್ಟು ವರ್ಷ ಅವನು 'ಒದೆ ತಿಂದ' ಲೆಕ್ಕ. ನಾವು ನಕ್ಕ ಪ್ರತಿ ದೃಶ್ಯಕ್ಕೂ ಅಲ್ಲಿ ಒಂದು ಹೊಲಿಗೆ ಇದೆ.

ಹೊಸದರಲ್ಲಿ ಮೊದಲ ಕಂತಿನ ಮೊದಲ ನಿಮಿಷಗಳಲ್ಲೇ ಹಡಗು ಬೀಳೋದು, ಅವಳಿಗಳನ್ನ ಸಾಕಿದ ರೆಮ್, ಅಣ್ಣತಮ್ಮ (ಮೇಷ್ಟ್ರೇ ಕ್ಷಮಿಸಿ) ಎಲ್ಲ ತೋರಿಸಿಬಿಡ್ತಾರೆ. ಹಾಗಾಗಿ ಅವನನ್ನ ಮೊದಲಿಂದಲೇ 'ಪಾಪ' ಅಂತ ನೋಡ್ತೀವಿ. ಯಾರನ್ನೋ ನೋಡಿ ನಕ್ಕುಬಿಟ್ಟೆನಲ್ಲಾ ಅನ್ನೋ ನಾಚಿಕೆ ಆಗೋದೇ ಇಲ್ಲ.

ಅರ್ಧ_ಡೋನಟ್:
ಒಳ್ಳೆ ಮಾತು, ಒಪ್ತೀನಿ. ಆದ್ರೆ 12 ಕಂತು ಕಾಯಿಸೋ ಬಲೆಗೆ ಈಗಿನ ಮೀನು ಬೀಳಲ್ಲ.

ಮತ್ತೆ ಹೊಸದನ್ನ ಬರೀ 'ಪಾಪ' ಅಂತ ತಳ್ಳಬೇಡಿ. ವ್ಯಾಶ್ ಜತೆ ಅಲೆಯೋ ವುಲ್ಫ್‌ವುಡ್ ವಿಷಯ ತಗೊಳ್ಳಿ. ಮೈಮೇಲೆ ಪ್ರಯೋಗ ಮಾಡಿ ಬಲವಂತವಾಗಿ ದೊಡ್ಡವನನ್ನಾಗಿ ಮಾಡಿದ ಹುಡುಗ ಅವನು, ಸಿಗರೇಟು ಸೇದೋ ಗಂಡಸಿನ ದೇಹದೊಳಗೆ ಅನಾಥಾಲಯದ ಮಗು. ಮಂಗಾದಲ್ಲಿರೋ ಈ ಕಥೆ 98ರದ್ದರಲ್ಲಿ ಇಲ್ಲವೇ ಇಲ್ಲ. ಲಿವಿಯೊ ಅನ್ನೋ ಪಾತ್ರವೂ ಇಲ್ಲ. ಸ್ಟಾಂಪೀಡ್‌ನಲ್ಲಿ ಇಬ್ಬರೂ ಬಾಲ್ಯದ ಗೆಳೆಯರಾಗಿ ಬರ್ತಾರೆ, ಆ ಕಂತು ನೋಡಿ ಮಾತಾಡಿ.

ನಿದ್ದೆಗೇಡಿ:
ಮಿಲಿ ಎಲ್ಲಿ? ಹೊಸದರಲ್ಲಿ ಮೆರಿಲ್ ಜೋಡಿ ಮಿಲಿ ಎಲ್ಲಿ? ಅದೊಂದಕ್ಕೆ ಉತ್ತರ ಕೊಡಿ.

ಅರ್ಧ_ಡೋನಟ್:
ಕೊನೆ ಕಂತಿನ ಕೊನೆಯಲ್ಲಿ ಬರ್ತಾಳಲ್ಲ.

ನಿದ್ದೆಗೇಡಿ:
ಬರಲ್ಲ. ಬರೋ ಸೂಚನೆ ಬರುತ್ತೆ. ಮದುವೆ ಊಟಕ್ಕೆ ಕರೆದು ಮೆನು ಕಾರ್ಡ್ ಓದಿಸಿ ಕಳಿಸಿದ ಹಾಗೆ. ಹನ್ನೆರಡು ಕಂತು ಮಿಲಿ ಜಾಗದಲ್ಲಿ ಕುಡುಕ ಪತ್ರಕರ್ತ ರಾಬರ್ಟೊ. ಆತನ ಪೂರ್ತಿ ಹೆಸರು ರಾಬರ್ಟೊ ಡಿ ನಿರೊ ಅಂತೆ. ಏನ್ ತಮಾಷೆನೋ.

ಸರ್ವೇಯರ್_ಸಾಹೇಬ:
ಮಿಲಿ, ಮೆರಿಲ್ ಅಂದ ಕೂಡಲೇ ಬಂದೆ. ನಾನು ಜನರಲ್ ಇನ್ಶೂರೆನ್ಸ್ ಸರ್ವೇಯರ್, ಹದಿನಾರು ವರ್ಷದಿಂದ ಸುಟ್ಟ ಗೋಡೌನು, ನೀರು ನುಗ್ಗಿದ ಅಂಗಡಿ ನೋಡೋದೇ ಕೆಲಸ. ಆನಿಮೆ ಪ್ರಪಂಚದಲ್ಲಿ ನಮ್ಮ ಕಸುಬಿನವರು ನಾಯಕಿಯರಾಗಿರೋದು ಇದೊಂದರಲ್ಲೇ ನಾನು ಕಂಡಿದ್ದು. ಹೊಸದರಲ್ಲಿ ಮೆರಿಲ್‌ನ ಪತ್ರಕರ್ತೆ ಮಾಡಿದ್ದು ನನಗೆ ವೈಯಕ್ತಿಕ ನಷ್ಟ.

ಯೋಚನೆ ಮಾಡಿ. ಒಬ್ಬ ಊರೂರು ತಿರುಗಿ ಹಾನಿ ಮಾಡ್ತಿದಾನೆ, ಕ್ಲೇಮುಗಳು ಬಂದು ಬೀಳ್ತಿವೆ, ಬರ್ನಾರ್ಡೆಲಿ ಕಂಪನಿ ದಿವಾಳಿ ಆಗೋ ಸ್ಥಿತಿ. ಅವರು ಏನ್ ಮಾಡ್ತಾರೆ? ಇಬ್ಬರು ಹೆಣ್ಣುಮಕ್ಕಳನ್ನ ಕಳಿಸಿ "ಅವನ ಜತೆಗೇ ಇರಿ, ಹಾನಿ ಆಗದ ಹಾಗೆ ನೋಡ್ಕೊಳ್ಳಿ" ಅಂತಾರೆ. ನಾವು ನಷ್ಟ ಆದಮೇಲೆ ಹೋಗೋರು, ಅವರು ನಷ್ಟದ ಜತೆಗೇ ಬಸ್ ಹತ್ತೋರು. ಮೆರಿಲ್ ಕೋಟಿನ ಒಳಗೆ ಸಾಲಾಗಿ ಡೆರಿಂಜರ್ ಪಿಸ್ತೂಲು. ನಮ್ಮ ಬ್ಯಾಗಲ್ಲಿ ಅಳತೆ ಟೇಪು.

ಇದರ ಮೇಲೆ ಸರ್ಕಾರ ವ್ಯಾಶ್‌ನ ಒಬ್ಬ ಮನುಷ್ಯ ಅಂತ ಲೆಕ್ಕ ಹಾಕೋದೇ ಬಿಟ್ಟು ಪ್ರಕೃತಿ ವಿಕೋಪ ಅಂತ ಘೋಷಿಸುತ್ತೆ. ಬಹುಮಾನವೂ ರದ್ದು, ವಿಮಾ ಕಂಪನಿಯ ಹೊಣೆಯೂ ಇಲ್ಲ. ಇಲ್ಲಿ ನನಗೆ ನಗು ತಡೆಯಲಿಲ್ಲ. ನಮ್ಮ ದೇಶದ ಸ್ಟ್ಯಾಂಡರ್ಡ್ ಫೈರ್ ಆಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿ ತೆಗೆದು ನೋಡಿ. ಬಿರುಗಾಳಿ, ಸೈಕ್ಲೋನ್, ಟೈಫೂನ್, ಪ್ರವಾಹ ಅಂತ ಸಾಲಾಗಿ ಬರೆದಿದೆ, ಅವೆಲ್ಲ ಪರಿಹಾರ ಸಿಗೋ ಅಪಾಯಗಳು. ವ್ಯಾಶ್‌ಗೆ ಜಪಾನಿ ಭಾಷೆಯಲ್ಲಿ ಇರೋ ಬಿರುದೇ 'ಮನುಷ್ಯ ಟೈಫೂನ್'. ಅಂದ್ರೆ ನಮ್ಮಲ್ಲಾಗಿದ್ರೆ ವಿಕೋಪ ಅಂತ ಘೋಷಿಸಿದ ಮರುದಿನವೇ ಅಷ್ಟೂ ಕ್ಲೇಮು ಪಾಸ್!

ಕುಡ್ಲದ_ಕುವರ:
ಇದನ್ನು ಓದಿಯೇ ನಾನು ಇವತ್ತು ನೋಡ್ಲಿಕ್ಕೆ ಶುರು ಮಾಡುವುದು. ಸಾಹೇಬ್ರೆ, ಕಳೆದ ಮಳೆಗಾಲದ್ದು ನನ್ನ ಒಂದು ಕ್ಲೇಮು ಉಂಟು…

ಸರ್ವೇಯರ್_ಸಾಹೇಬ:
ಅದನ್ನ ಇಲ್ಲಿ ಬೇಡ.

ಟೊರಾಂಟೊ_ಚಳಿ:
ನಾನು 2003ರಲ್ಲಿ ಅಮೆರಿಕದಲ್ಲಿ ಎಂಎಸ್ ಮಾಡ್ತಿದ್ದೆ. ಅಡಲ್ಟ್ ಸ್ವಿಮ್ ಅನ್ನೋ ಟೀವಿ ವಾಹಿನಿಯಲ್ಲಿ ನಡುರಾತ್ರಿ ಟ್ರೈಗನ್ ಬರ್ತಿತ್ತು. ರೂಮ್‌ಮೇಟ್ ಆಂಧ್ರದವನು, ನಾನು ಮೈಸೂರಿನವನು, ಪಕ್ಕದ ಮನೆಯವನು ಮೆಕ್ಸಿಕೊದವನು. ಮೂವರೂ ಟೀವಿ ಮುಂದೆ. ಶುರುವಿನ ಸಂಗೀತ ನೆನಪಿದೆಯಾ? ಹಾಡೇ ಇಲ್ಲ, ಬರೀ ಗಿಟಾರ್ ಗರ್ಜನೆ. ತ್ಸುನೆಯೊ ಇಮಾಹೊರಿ ಸಂಗೀತ. ಮೆಕ್ಸಿಕೊದವನು ಪ್ರತಿ ಸಲ ಎದ್ದು ನಿಂತು ಇಲ್ಲದ ಗಿಟಾರು ಬಾರಿಸ್ತಿದ್ದ.

ಜಪಾನಿಗಿಂತ ಇದು ಅಮೆರಿಕದಲ್ಲೇ ಜಾಸ್ತಿ ಹೆಸರು ಮಾಡಿದ್ದು. ಜಪಾನಲ್ಲಿ 1998ರಲ್ಲಿ ಟೀವಿ ಟೋಕಿಯೊದಲ್ಲಿ ಸರಹೊತ್ತಲ್ಲಿ ಹಾಕಿ ಮುಗಿಸಿದ್ರು. 2010ರ ಸಿನಿಮಾ ಕೂಡ ಜಪಾನ್ ಥಿಯೇಟರಿಗೆ ಬರೋ ಮೊದಲು ಸಿಯಾಟಲ್‌ನ ಸಕುರಾ-ಕಾನ್ ಅನ್ನೋ ಆನಿಮೆ ಸಮ್ಮೇಳನದಲ್ಲಿ ತೋರಿಸಿದ್ರು. ಇಂಗ್ಲಿಷ್ ವ್ಯಾಶ್ ಅಂದ್ರೆ ಜಾನಿ ಯಾಂಗ್ ಬಾಷ್, ಹಳೇದಕ್ಕೂ ಅವನೇ, ಹೊಸದಕ್ಕೂ ಅವನೇ. ಜಪಾನಿಯಲ್ಲಿ ಮಾತ್ರ ದನಿ ಬದಲಾಯ್ತು.

ರಾಮನಗರದವ:
ಕೌಬಾಯ್ ಮಾತು ಬಂದಿದ್ದಕ್ಕೆ. ಜಪಾನಿನವರು ಕೌಬಾಯ್ ಕಥೆ ಮಾಡೋದು ವಿಚಿತ್ರ ಅನ್ನೋರಿಗೆ ನೆನಪಿರಲಿ, ಸಾಲ ತೀರಿಸಬೇಕಾದವರು ಅವರಲ್ಲ, ಇಟಲಿಯವರು. ಕುರೊಸಾವ 1961ರಲ್ಲಿ ಮಾಡಿದ 'ಯೊಜಿಂಬೊ'ವನ್ನೇ ಎತ್ತಿಕೊಂಡು ಸೆರ್ಜಿಯೊ ಲಿಯೋನೆ 1964ರಲ್ಲಿ ಕೌಬಾಯ್ ಟೋಪಿ ಹಾಕಿಸಿದ್ದು. ಜಪಾನಿನವರು ಕೇಳಿ ಪಾಲು ವಸೂಲಿ ಮಾಡಿದ್ರು. ಆ ಲಿಯೋನೆ ಧೂಳು ನಮ್ಮ ರಾಮನಗರದ ಬಂಡೆವರೆಗೂ ಬಂತು, 'ಶೋಲೆ'ಗೆ. ನಮ್ಮ ತಾತ ಶೂಟಿಂಗ್ ನೋಡೋಕೆ ರೇಷ್ಮೆಗೂಡಿನ ಮೂಟೆ ಮಾರ್ಕೆಟ್ಟಲ್ಲೇ ಬಿಟ್ಟು ಹೋಗಿ ಮನೇಲಿ ಬೈಸಿಕೊಂಡವರು.

ಹಾಗಾಗಿ ವ್ಯಾಶ್ ಊರು ನೋಡಿದ್ರೆ ನನಗೇನೂ ಹೊರಗಿನದು ಅನ್ನಿಸಲ್ಲ. ನೀರಿನ ಟ್ಯಾಂಕರ್ ಬಂದಾಗ ನಮ್ಮ ಬೀದಿ ಥೇಟ್ ಐದನೇ ಕಂತು.

ನಿದ್ದೆಗೇಡಿ:
ಸಾಲ, ಪಾಲು, ರೇಷ್ಮೆಗೂಡು, ಟ್ಯಾಂಕರ್. ಮೂಲ ಪ್ರಶ್ನೆ ಯಾವ ಊರಿಗೆ ಹೋಯ್ತು?

ಧಾರವಾಡ_ಪೇಡೆ:
ನಾ ಒಂದ್ ಹೊಸಾ ದಾರಿ ತೋರಿಸ್ತೀನಿ. ಹಳೇದೂ ಬ್ಯಾಡ, ಹೊಸಾದೂ ಬ್ಯಾಡ, ಕನ್ನಡ ಡಬ್ಬಿಂಗ್ ಮಾಡ್ರಿ. ಆನಿಮೆಗೆ ತಮಿಳು ಬಂತು, ತೆಲುಗು ಬಂತು, ನಮಗ ಯಾವಾಗ?

ಅರ್ಧ_ಡೋನಟ್:
ವುಲ್ಫ್‌ವುಡ್ ಜಪಾನಿಯಲ್ಲಿ ಕನ್ಸಾಯ್ ಭಾಷೆ ಮಾತಾಡ್ತಾನೆ, ಒಸಾಕಾ ಕಡೆಯ ಧಾಟಿ. ಕನ್ನಡಕ್ಕೆ ತಂದ್ರೆ ಅವನಿಗೆ ಹುಬ್ಬಳ್ಳಿ ಭಾಷೆ ಹಾಕಿಸ್ಬೇಕು! ಪಕ್ಕಾ ಕಾಮಿಡಿ ವರ್ಕ್ ಆಗುತ್ತೆ.

ಧಾರವಾಡ_ಪೇಡೆ:
ಹಾಂ, ಬಂತ್ ನೋಡ್ರಿ. ನಮ್ಮ ಭಾಷಾ ಅಂದ್ರ ನಗಸಾಕಷ್ಟ ಅಂತ ಯಾರ್ ಹೇಳ್ಯಾರ್ರೀ ನಿಮಗ? ಸಿನಿಮಾದಾಗ ಹೀರೋ ಬೆಂಗಳೂರ್ ಕನ್ನಡ, ಅವನ ಹಿಂದ ಓಡೋ ಜೋಕರ್ ಹುಬ್ಬಳ್ಳಿ ಕನ್ನಡ. ಇಷ್ಟ ವರ್ಷ ಇದನ್ನ ನೋಡಿ ಸಾಕಾಗೇತಿ.

ಅರ್ಧ_ಡೋನಟ್:
ಅಯ್ಯೋ ಹಾಗಲ್ಲ ಸರ್, ತಪ್ಪು ತಿಳ್ಕೋಬೇಡಿ.

ಧಾರವಾಡ_ಪೇಡೆ:
ಸರ್ ಅಲ್ಲ, ಅಕ್ಕಾ ಅನ್ರಿ. ತಪ್ಪೇನ್ ತಿಳಕೊಂಡಿಲ್ಲ, ಮುಂದ ಕೇಳ್ರಿ. ಜಪಾನ್‌ದಾಗೂ ಇದ ಹಣೆಬರಹ. ಅಲ್ಲಿ ಹಾಸ್ಯಗಾರ್ರು ಭಾಳ ಮಂದಿ ಕನ್ಸಾಯ್ ಕಡೇದವ್ರು, ಹಿಂಗಾಗಿ ಆ ಭಾಷಾ ಕೇಳಿದ ಕೂಡ್ಲೆ ಮಂದಿ ನಗಾಕ ತಯಾರ್ ಆಗ್ತಾರ. ಪಾದ್ರಿ ವುಲ್ಫ್‌ವುಡ್ ಮೊದಲ ಬಂದಾಗ ನಾವೂ ನಗ್ತೀವಿ. ಬೆನ್ನ ಮ್ಯಾಲೆ ಆಳೆತ್ತರದ ಶಿಲುಬೆ, ಭಾರ ಯಾಕ ಅಂತ ಕೇಳಿದ್ರ, ಅದರ ತುಂಬ ಕರುಣೆ ಐತಿ ಅಂತಾನ. ಬಟ್ಟಿ ಬಿಚ್ಚಿದ್ರ ಒಳಗ ಮಷಿನ್ ಗನ್. ಕೊನೀಗೆ 23ನೇ ಕಂತಿನಾಗ ಚರ್ಚ್‌ದಾಗ ಮೊಣಕಾಲ ಊರಿ ಸಾಯ್ತಾನಲ್ಲ, ಆಗ ಅದ ಧಾಟಿ ಕೇಳಿ ನಗ್ರಿ ನೋಡೋಣು.

ಹಂಗಾಗಿ ಹಾಕ್ರಿ, ಹುಬ್ಬಳ್ಳಿ ಭಾಷಾನ ಹಾಕ್ರಿ. ಆದ್ರ ನಗಸಾಕಲ್ಲ, ಅಳಸಾಕ ಹಾಕ್ರಿ.

ಅರ್ಧ_ಡೋನಟ್:
ಸೋತೆ ಅಕ್ಕ. ಪೇಡೆ ನನ್ನ ಕಡೆಯಿಂದ.

ವ್ಯಾಕರಣ_ಮೇಷ್ಟ್ರು:
ಡಬ್ಬಿಂಗ್ ಪ್ರಸ್ತಾಪ ಬಂದದ್ದರಿಂದ: ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ಅಘೋಷಿತ ನಿಷೇಧ ಇತ್ತು. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಟ್ಟಿತು. ಆ ನಿಷೇಧದಿಂದಾಗಿ ನಮ್ಮ ಮಕ್ಕಳಿಗೆ ಕಾರ್ಟೂನು ಅಂದರೆ ಬೇರೆ ಭಾಷೆ ಅಂತಲೇ ರೂಢಿ. 'ಮನುಷ್ಯ ಟೈಫೂನ್' ಅನ್ನುವುದನ್ನು 'ನರರೂಪಿ ಚಂಡಮಾರುತ' ಎನ್ನಬಹುದು.

ನಿದ್ದೆಗೇಡಿ:
ನರರೂಪಿ ಅಂದ್ರೆ ರಾಕ್ಷಸ ಅನ್ನಿಸುತ್ತೆ ಮೇಷ್ಟ್ರೇ. 'ಸುಂಟರಗಾಳಿ ಸ್ವಾಮಿ' ಇರಲಿ.

ಮಂಗಾ_ಮಂಜ:
ಎರಡನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ, ನಾನು ಮುಟ್ತೀನಿ.

ಮೊದಲು ಹಿನ್ನೆಲೆ. ಮಂಗಾ 1995ರಲ್ಲಿ ಷೋನೆನ್ ಕ್ಯಾಪ್ಟನ್ ಪತ್ರಿಕೆಯಲ್ಲಿ ಶುರುವಾಗಿದ್ದು. 1997ರಲ್ಲಿ ಪತ್ರಿಕೆಯೇ ಮುಚ್ಚಿಹೋಯ್ತು. ಆಮೇಲೆ ಯಂಗ್ ಕಿಂಗ್ ಅವರ್ಸ್‌ನಲ್ಲಿ 'ಟ್ರೈಗನ್ ಮ್ಯಾಕ್ಸಿಮಮ್' ಅಂತ ಮುಂದುವರಿದು 2007ರವರೆಗೆ ನಡೀತು, 14 ಸಂಪುಟ. ಮ್ಯಾಡ್‌ಹೌಸ್ ಆನಿಮೆ ಬಂದಿದ್ದು 1998ರಲ್ಲಿ, 26 ಕಂತು. ಅಂದ್ರೆ ಕಥೆಯ ಬಹುಭಾಗ ಬರೆಯೋ ಮೊದಲೇ ಆನಿಮೆ ಮುಗಿದಿತ್ತು. ಅದಕ್ಕೇ ಎರಡರ ದ್ವಿತೀಯಾರ್ಧ ಬೇರೆ ಬೇರೆ.

ಆದ್ರೆ ಒಂದು ವಿಷಯ ಎರಡರಲ್ಲೂ ಇದೆ: ವ್ಯಾಶ್ ಕೈಯಲ್ಲಿ ನೈವ್ಸ್‌ನ ಬಂಟ ಲೆಗಾಟೊ ಸಾಯ್ತಾನೆ. 98ರದ್ದರಲ್ಲಿ ಲೆಗಾಟೊ ಊರ ಜನರನ್ನ ಗೊಂಬೆ ತರ ಆಡಿಸಿ ಮೆರಿಲ್, ಮಿಲಿ ತಲೆಗೆ ಬಂದೂಕು ಹಿಡಿಸ್ತಾನೆ. "ನನ್ನ ಕೊಲ್ಲು, ಇಲ್ಲಾ ಇವರು ಸಾಯ್ತಾರೆ." ಮಂಗಾದಲ್ಲಿ ಲಿವಿಯೊ ಜೀವ ಉಳಿಸೋಕೆ ಗುಂಡು ಹಾರಿಸ್ತಾನೆ. ನೂರಕ್ಕೂ ಹೆಚ್ಚು ವರ್ಷ ಕಾಪಾಡಿದ ವ್ರತ, ಒಂದು ಗುಂಡಿಗೆ ಮುಗೀತು.

ನನ್ನ ಅಭಿಪ್ರಾಯ: ಅವನು ಗುಂಡು ಹಾರಿಸಿದ್ದು ಸರಿ. ತಡ ಮಾಡಿದ್ದು ತಪ್ಪು. ವುಲ್ಫ್‌ವುಡ್ ಮೊದಲಿಂದ ಹೇಳ್ತಾ ಬಂದಿದ್ದು ಇದನ್ನೇ. ನೀನು ಕೈ ತೊಳ್ಕೊಂಡು ಶುದ್ಧವಾಗಿರೋಕೆ ಬೇರೆ ಯಾರೋ ಕೈ ಕೊಳೆ ಮಾಡ್ಕೋಬೇಕಾಗುತ್ತೆ. ಸಾಹೇಬರ ಕ್ಲೇಮು ಫೈಲಲ್ಲಿ ಕಟ್ಟಡ ಮಾತ್ರ ಇರುತ್ತೆ, ಸತ್ತವರ ಲೆಕ್ಕ ಯಾರ ಫೈಲಲ್ಲಿ?

ತೋಮಾ_ಸವಾರ:
ಅಂದ್ರೆ ಲೆಗಾಟೊ ಹೇಳಿದ್ದೇ ಸರಿ ಅಂತೀಯಾ? ಅವನಿಗೆ ಬೇಕಿದ್ದಿದ್ದು ಅದೇ ಅಲ್ವಾ ಮಾರಾಯ. ಸಾಯೋದರಲ್ಲಿ ಅವನೇ ಗೆದ್ದ.

ಮಂಗಾ_ಮಂಜ:
ಗೆಲ್ಲಲಿ ಬಿಡು. ಮಿಲಿ ಬದುಕಿದ್ಲಲ್ಲ. ನನಗೆ ಅಷ್ಟು ಸಾಕು.

ರಾಮನಗರದವ:
ಶ್ರವಣಬೆಳಗೊಳದಲ್ಲಿ ನಿಂತಿರೋನು ಮಾಡಿದ್ದೇನು? ಅಣ್ಣನನ್ನ ಎತ್ತಿದ ಮೇಲೆ ನೆಲಕ್ಕೆ ಹೊಡೀಲಿಲ್ಲ, ಇಳಿಸಿ ಕಾಡಿಗೆ ಹೋದ. ಗೆದ್ದ ಮೇಲೂ ಬಿಟ್ಟುಕೊಡೋದನ್ನ ನಮ್ಮ ನಾಡು 58 ಅಡಿ ಕಲ್ಲಲ್ಲಿ ಕೆತ್ತಿ ಇಟ್ಟಿದೆ. ವ್ಯಾಶ್ ಅದೇ ದಾರಿಯವನು.

ಧಾರವಾಡ_ಪೇಡೆ:
ಬಾಹುಬಲಿ ಎಲ್ಲಾ ಬಿಟ್ಟು ಹೋದ ಮ್ಯಾಲೆ ಅಣ್ಣ ಭರತ ರಾಜ್ಯ ನಡಿಸ್ಯಾನ, ಊರ ಸುಡ್ಲಿಲ್ಲ. ನೈವ್ಸ್ ಸುಡ್ತಾನ. ವ್ಯಾಶ್ ಕಾಡಿಗೆ ಹೋದ್ರ ಆ ಗ್ರಹದಾಗಿನ ಜುಲೈ ಅನ್ನೋ ನಗರದ ಗತಿ ಏನು? ಅವಗ ತಪಸ್ಸಿಗೆ ಕುಂದರಾಕ ಪುರುಸೊತ್ತೆಲ್ಲೈತಿ? ಹೋಲಿಕಿ ಪಸಂದ್ ಐತಿ, ಆದ್ರ ಪೂರಾ ಹೊಂದಂಗಿಲ್ಲ.

ಅವರೆಕಾಳು:
ಇಷ್ಟು ಹೊತ್ತು ಬರೀ ಓದ್ತಿದ್ದೆ. ನಮ್ಮಮ್ಮನ ಕಥೆ ಹೇಳ್ತೀನಿ.

ಎರಡು ವರ್ಷದ ಹಿಂದೆ, ಜನವರಿ. ನಾನು ಹಾಲಲ್ಲಿ ಕೂತು 17ನೇ ಕಂತು ನೋಡ್ತಿದ್ದೆ, ಅದೇ ರೆಮ್ ಇರೋದು. ಅಮ್ಮ ಪಕ್ಕದಲ್ಲಿ ಮೊರ ಇಟ್ಕೊಂಡು ಅವರೆಕಾಯಿ ಸುಲೀತಿದ್ರು. ಅಮ್ಮಂಗೆ ಜಪಾನಿಯೂ ಬರಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದೋ ಅಷ್ಟು ಬೇಗ ಕಣ್ಣೂ ಓಡಲ್ಲ. ಜೇಡರ ಬಲೆಯಲ್ಲಿ ಚಿಟ್ಟೆ ಸಿಕ್ಕಿಬೀಳೋ ದೃಶ್ಯ ಬಂತು. ಪುಟ್ಟ ವ್ಯಾಶ್ ಚಿಟ್ಟೆನ ಬಿಡಿಸೋಕೆ ನೋಡ್ತಾನೆ. ನೈವ್ಸ್ ಬಂದು ಜೇಡನ ಹೊಸಕಿ ಹಾಕ್ತಾನೆ. ವ್ಯಾಶ್ ಅಳ್ತಾನೆ, ನನಗೆ ಎರಡೂ ಉಳೀಬೇಕಿತ್ತು ಅಂತ.

ಅಮ್ಮ "ಏನಂತೆ?" ಅಂದ್ರು. ಹೇಳಿದೆ. "ಜೇಡಕ್ಕೆ ಊಟ?" ಅಂದ್ರು. ನೈವ್ಸ್ ಕೂಡ ಅದನ್ನೇ ಕೇಳ್ತಾನೆ ಅಮ್ಮ, ಚಿಟ್ಟೆ ಬಿಡಿಸ್ತಾ ಹೋದ್ರೆ ಜೇಡ ಉಪವಾಸ ಸಾಯುತ್ತೆ ಅಂತ ಅಂದೆ. ಸ್ವಲ್ಪ ಹೊತ್ತು ಕಾಯಿ ಸುಲಿದ್ರು. ಆಮೇಲೆ, "ಪ್ರತಿ ಮನೇಲೂ ಎರಡೂ ಉಳೀಬೇಕು ಅನ್ನೋನು ಒಬ್ಬ ಇರ್ತಾನೆ. ಅವನ ತಟ್ಟೇಲಿ ಅನ್ನ ಯಾವಾಗ್ಲೂ ಆರಿರುತ್ತೆ" ಅಂದ್ರು.

ನಮ್ಮ ದೊಡ್ಡ ಮಾವನ ಬಗ್ಗೆ ಅದು. ಜಮೀನು ಪಾಲಿನ ಜಗಳದಲ್ಲಿ ಇಬ್ಬರು ತಮ್ಮಂದಿರ ಮಧ್ಯೆ ಹತ್ತು ವರ್ಷ ಓಡಾಡಿ, ಕೊನೆಗೆ ಇಬ್ಬರ ಮನೆಯಲ್ಲೂ ಬೇಡವಾದ್ರು. ಅಮ್ಮ ಮುಂದೆ ಇನ್ನೇನೂ ಹೇಳಲಿಲ್ಲ. ಆದ್ರೆ ಮಾರನೇ ದಿನ "ಆ ಕೆಂಪು ಕೋಟಿನ ಹುಡುಗಂದು ಹಾಕು" ಅಂತ ಅವರೇ ಕೇಳಿದ್ರು.

ಸರ್ವೇಯರ್_ಸಾಹೇಬ:
ನಿಮ್ಮ ತಾಯಿಯವರು ಕೊನೆವರೆಗೂ ನೋಡಿದ್ರಾ?

ಅವರೆಕಾಳು:
ನೋಡಿದ್ರು. 24 ಆದಮೇಲೆ "ಇವನಿಗೆ ಯಾರಾದ್ರೂ ಊಟ ಹಾಕ್ರೋ" ಅಂದ್ರು. ಕೊನೆಯಲ್ಲಿ ಅವನು ಕೋಟು ಬಿಟ್ಟು ನೈವ್ಸ್‌ನ ಹೆಗಲ ಮೇಲೆ ಹೊತ್ಕೊಂಡು ನಡೀತಾನಲ್ಲ, ಅಮ್ಮ ಎದ್ದು ಒಳಗೆ ಹೋಗಿಬಿಟ್ರು. ಕುಕ್ಕರ್ ಕೂಗಿದ್ದಕ್ಕೋ ಏನೋ.

ಮಂಗಾ_ಮಂಜ:
…ನನ್ನ 'ತಡ ಮಾಡಿದ್ದು ತಪ್ಪು' ಅನ್ನೋದನ್ನ ಸ್ವಲ್ಪ ಹಿಂದೆ ತಗೋತೀನಿ. ಸ್ವಲ್ಪ ಮಾತ್ರ.

ಅಮ್ಮನಿಗೆ ಮಂಗಾದ ಕೊನೆ ಹೇಳಿ. ಅದರಲ್ಲಿ ನೈವ್ಸ್ ಉಳಿಯಲ್ಲ. ಗಾಯಗೊಂಡ ತಮ್ಮನನ್ನ ನೋಡ್ಕೊಳ್ಳಿ ಅಂತ ಒಂದು ಬಡ ಕುಟುಂಬಕ್ಕೆ ಒಪ್ಪಿಸಿ, ಉಳಿದ ಶಕ್ತಿಯಲ್ಲಿ ಒಂದು ಸೇಬಿನ ಮರ ಹುಟ್ಟಿಸಿ ಹೋಗ್ತಾನೆ. ಮನುಷ್ಯರ ಮೇಲೆ ಅಷ್ಟು ದ್ವೇಷ ಇದ್ದವನು ಕೊನೆಗೆ ಕೊಟ್ಟ ಫೀಸು ಅದು. ಇನ್ನೊಂದು, ಮಂಗಾದಲ್ಲಿ ವ್ಯಾಶ್ ಶಕ್ತಿ ಬಳಸಿದಷ್ಟೂ ಅವನ ಹೊಂಬಣ್ಣದ ಕೂದಲು ಕಪ್ಪಾಗ್ತಾ ಬರುತ್ತೆ. ಪೂರ್ತಿ ಕಪ್ಪಾದ್ರೆ ಆಯಸ್ಸು ಮುಗೀತು ಅಂತ. ನಮ್ಮಲ್ಲಿ ಕಪ್ಪು ಕೂದಲು ಬೆಳ್ಳಗಾದ್ರೆ ಚಿಂತೆ, ಅಲ್ಲಿ ಉಲ್ಟಾ.

ಕಪ್ಪುಬೆಕ್ಕು:
ಮಂಗಾ ಓದೋಕೆ ಹೋದೆ, ಹೊಡೆದಾಟದ ಪುಟದಲ್ಲಿ ಯಾರ ಕಾಲು ಯಾರ ಕೈ ಗೊತ್ತಾಗದೆ ಬಿಟ್ಟೆ. ಎಲ್ಲ ಗೀಟು ಗೀಟು.

ಮಂಗಾ_ಮಂಜ:
ಆ ದೂರು ಎಲ್ಲರದ್ದೂ, ನಂದೂ. ಡಾರ್ಕ್ ಹಾರ್ಸ್‌ನವರು 2023ರಿಂದ ದೊಡ್ಡ ಅಳತೆಯಲ್ಲಿ ಗಟ್ಟಿ ರಟ್ಟಿನ ಡಿಲಕ್ಸ್ ಆವೃತ್ತಿ ತರ್ತಿದಾರೆ, ಅದರಲ್ಲಿ ಪರವಾಗಿಲ್ಲ. ತೂಕ ಮಾತ್ರ ವುಲ್ಫ್‌ವುಡ್ ಶಿಲುಬೆಯಷ್ಟಿದೆ. ಆದ್ರೂ ಓದಿ, 2009ರಲ್ಲಿ ಜಪಾನಿನ ವೈಜ್ಞಾನಿಕ ಕಥೆಗಳ ಸೆಯುನ್ ಪ್ರಶಸ್ತಿ ಸುಮ್ಮನೆ ಕೊಟ್ಟಿಲ್ಲ.

ಕುಡ್ಲದ_ಕುವರ:
ನಾಲ್ಕು ಕಂತು ಆಯ್ತು. ಹಳೆಯದ್ದು. ಭಾರೀ ನಗು ಬಂತು. ನೀವೆಲ್ಲ ಮೇಲೆ ಬರೆದದ್ದನ್ನು ಓದಿ ಆದ ಕಾರಣ ನಗುವಾಗ ಒಂಥರಾ ಹೆದರಿಕೆ ಆಗ್ತದೆ. ಇದು ನಿಮ್ಮದೇ ತಪ್ಪು.

ತೋಮಾ_ಸವಾರ:
ಹಾಗಾದ್ರೆ ಉತ್ತರ ಸಿಕ್ತಲ್ಲ, ಮೊದಲು ಈ ಚರ್ಚೆ ಓದ್ಬೇಕು, ಆಮೇಲೆ ಯಾವುದಾದ್ರೂ ಸರಿ.

ನಿದ್ದೆಗೇಡಿ:
ಕೆಂಪುಕೋಟು ಎಲ್ಲಿ ಹೋದ್ರು? ಬೆಂಕಿ ಹಚ್ಚಿ ಮಾಯ. ಥೇಟ್ ವ್ಯಾಶ್.

ಕೆಂಪುಕೋಟು:
ಇಲ್ಲೇ ಇದೀನಿ, ಆಫೀಸ್ ಕೆಲಸ ಇತ್ತು. ಸುದ್ದಿ ಹೇಳ್ತೀನಿ.

ಹಾಸನದವಳು ಮೊನ್ನೆ 12ನೇ ಕಂತು ದಾಟಿದ್ಲು. ಫೋನ್ ಬರಲಿಲ್ಲ. ನಿನ್ನೆ ಬೆಳಿಗ್ಗೆ ನೋಡಿದ್ರೆ 17. ಮಧ್ಯಾಹ್ನ ಒಂದು ಮೆಸೇಜ್, "ಮಾವ ಐದನೇ ಚಂದ್ರನಿಗೆ ತೂತು ಬಿದ್ದಿದ್ದು ಇವನಿಂದಾನಾ." ಹೌದು ಅಂದೆ. ಮತ್ತೆ ಸುಮ್ಮನೆ. ಸಂಜೆಗೆ 23. ರಾತ್ರಿ ಅಕ್ಕ ಫೋನ್ ಮಾಡಿ, "ಏನ್ ತೋರಿಸಿದ್ಯೋ ಮಗೂಗೆ, ಯಾರೋ ಪಾದ್ರಿ ಸತ್ತ ಅಂತ ಊಟ ಬೇಡ ಅಂತಿದಾಳೆ, ನಮಗ್ಯಾವ ಪಾದ್ರಿ ಗೊತ್ತು" ಅಂತ ಬೈದ್ಳು.

ಅವರೆಕಾಳು:
24 ಇವತ್ತೇ ನೋಡೋಕೆ ಬಿಡಬೇಡಿ. ಒಂದು ದಿನ ಅಂತರ ಇರಲಿ.

ಕೆಂಪುಕೋಟು:
ನಾನೇನ್ ಬಿಡೋದು, ಅವಳೇ ಶುರು ಮಾಡಿದ್ಲು. 19ನೇ ನಿಮಿಷಕ್ಕೆ ನಿಂತಿದೆ. ರಾತ್ರಿ 11:40ರಿಂದ ಅಲ್ಲೇ ಇದೆ.

ಧಾರವಾಡ_ಪೇಡೆ:
ಫೋನ್ ಮಾಡ್ರಿ.

ಕೆಂಪುಕೋಟು:
ಮಾಡಿದೆ, ಎತ್ತಲಿಲ್ಲ. ಈಗ ನೋಡಿದ್ರೆ ಗೆರೆ ಸ್ವಲ್ಪ ಮುಂದೆ ಹೋಗಿದೆ. ನೋಡ್ತಿದಾಳೆ.